ಹೊಸ ವಿಚಾರ ಹೇಳಿದರೆ ಜನ ಮೊದಲು ಯಾಕೆ ತಳ್ಳಿಹಾಕುತ್ತಾರೆ, ಆಗ ಏನು ಮಾಡಬೇಕು

ಆಫೀಸಲ್ಲೋ, ಊರಿನ ಸಂಘದಲ್ಲೋ ನೀವು ಒಂದು ಹೊಸ ವಿಚಾರ ಹೇಳುತ್ತೀರಿ. ಲೆಕ್ಕ ಸರಿ ಇದೆ, ಖರ್ಚೂ ಕಡಿಮೆ. ಆದರೂ ಎಲ್ಲರೂ "ನೋಡೋಣ ಬಿಡಿ" ಅಂದು ಟೀ ಕುಡಿಯೋಕೆ ಎದ್ದು ಹೋಗುತ್ತಾರೆ. ಆಗ ನಮಗೆ ಮೊದಲು ಅನ್ನಿಸುವುದು ಇವರೆಲ್ಲ ದಡ್ಡರು ಅಂತ. ಅದನ್ನು ಬಿಡಿ. ತಳ್ಳಿಹಾಕುವವರಲ್ಲಿ ಬುದ್ಧಿವಂತರೇ ಜಾಸ್ತಿ, ಮತ್ತು ಅವರಿಗೆ ಒಂದು ಕಾರಣ ಇರುತ್ತದೆ. ಆ ಕಾರಣ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ಇದಕ್ಕೆ ವಿಯೆನ್ನಾದ ಡಾಕ್ಟರ್ ಇಗ್ನಾಜ್ ಸೆಮ್ಮೆಲ್‌ವೈಸ್ ಕಥೆ ನೋಡಬೇಕು. ನೀವು ಕೇಳಿರಬಹುದು, ಕೈ ತೊಳೆಯಿರಿ ಅಂದಿದ್ದಕ್ಕೆ ಬೈಸಿಕೊಂಡ ಡಾಕ್ಟರ್. ಸಾಮಾನ್ಯವಾಗಿ ಇದನ್ನು "ಪಾಪ, ಯಾರೂ ಕೇಳಲಿಲ್ಲ" ಅಂತ ಮುಗಿಸಿಬಿಡುತ್ತಾರೆ. ಆತ ಏನು ಸರಿ ಮಾಡಿದ, ಎಲ್ಲಿ ಎಡವಿದ ಅಂತ ಬಿಡಿಸಿ ನೋಡಿದರೆ ನಮಗೆ ಉಪಯೋಗ.

ಮೊದಲು ನಿಮ್ಮ ವಿಚಾರವನ್ನೇ ಜಾಲಾಡಿ

ವಿಯೆನ್ನಾ ಜನರಲ್ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗ ಇದ್ದವು. ಒಂದರಲ್ಲಿ ಡಾಕ್ಟರುಗಳು, ಮೆಡಿಕಲ್ ವಿದ್ಯಾರ್ಥಿಗಳು. ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಡಾಕ್ಟರುಗಳ ವಿಭಾಗದಲ್ಲಿ ನೂರಕ್ಕೆ 11 ಬಾಣಂತಿಯರು ಸತ್ತರು, ಸೂಲಗಿತ್ತಿಯರ ಕಡೆ ನೂರಕ್ಕೆ 3ರ ಹತ್ತಿರ. ಹೆಚ್ಚಿನವರು ಬಾಣಂತಿ ನಂಜಿನಿಂದ. ಊರಿನ ಬಡ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತಿತ್ತು. ಯಾವ ದಿನ ಯಾವ ವಿಭಾಗಕ್ಕೆ ಸೇರಿಸಿಕೊಳ್ಳುತ್ತಾರೆ ಅಂತ ಲೆಕ್ಕ ಹಾಕಿ ಬರುತ್ತಿದ್ದರು. ಡಾಕ್ಟರುಗಳ ಸರದಿ ಬಿದ್ದರೆ ಬೇಡ ಅಂತ ಮಂಡಿಯೂರಿ ಬೇಡುತ್ತಿದ್ದರು. ದಾರಿಯಲ್ಲೇ ಹೆತ್ತು ಬಂದವರಿಗೂ ಈ ನಂಜು ತಗಲುವುದು ಕಡಿಮೆ ಇತ್ತು. ಎಷ್ಟೋ ಸಲ ಸತ್ಯ ಮೊದಲು ಗೊತ್ತಾಗುವುದು ಹೀಗೆ, ಅನುಭವಿಸುವವರಿಗೆ.

ಸೆಮ್ಮೆಲ್‌ವೈಸ್ ಒಂದೇ ಏಟಿಗೆ ಕೈಯತ್ತ ಬೊಟ್ಟು ಮಾಡಲಿಲ್ಲ. ಜನಸಂದಣಿ ಕಾರಣವಾ? ಸೂಲಗಿತ್ತಿಯರ ಕಡೆಯೇ ನೂಕುನುಗ್ಗಲು ಜಾಸ್ತಿ ಇತ್ತು, ಹಾಗಾಗಿ ಅದಲ್ಲ. ಹೆರುವಾಗ ಮಲಗುವ ರೀತಿಯಾ? ಅಲ್ಲಿ ಮಗ್ಗುಲಾಗಿ ಮಲಗಿಸುತ್ತಾರೆ ಅಂತ ಇಲ್ಲೂ ಹಾಗೇ ಮಲಗಿಸಿ ನೋಡಿದ, ಪ್ರಯೋಜನ ಆಗಲಿಲ್ಲ. ಪಾದ್ರಿ ಗಂಟೆ ಬಾರಿಸುತ್ತಾ ಸಾಯುವವರ ಕಡೆ ಹೋಗುವುದನ್ನು ನೋಡಿ ಉಳಿದವರು ಹೆದರಿ ಸಾಯುತ್ತಾರಾ? ಪಾದ್ರಿಗೆ ಹೇಳಿ ಗಂಟೆ ನಿಲ್ಲಿಸಿ, ಬೇರೆ ದಾರಿಯಲ್ಲಿ ಕಳಿಸಿದ. ಸಾವು ನಿಲ್ಲಲಿಲ್ಲ.

ಆಮೇಲೆ 1847ರ ಮಾರ್ಚಲ್ಲಿ ಆತನ ಗೆಳೆಯ, ಪ್ರೊಫೆಸರ್ ಕೊಲೆಚ್ಕ, ಪೋಸ್ಟ್‌ಮಾರ್ಟಂ ಮಾಡಿಸುವಾಗ ವಿದ್ಯಾರ್ಥಿಯೊಬ್ಬನ ಚಾಕು ಬೆರಳಿಗೆ ತಾಗಿ ಸತ್ತುಹೋದ. ಹೆಣ ಕೊಯ್ದು ನೋಡಿದರೆ ಬಾಣಂತಿಯರ ದೇಹದಲ್ಲಿ ಕಂಡದ್ದೇ ಇಲ್ಲೂ ಕಂಡಿತು. ಆಗ ಹೊಳೆಯಿತು. ಡಾಕ್ಟರುಗಳು ಬೆಳಿಗ್ಗೆ ಹೆಣ ಕೊಯ್ದು, ಸೋಪು ಹಾಕಿ ತೊಳೆದು, ಇನ್ನೂ ವಾಸನೆ ಹೋಗದ ಕೈಯಲ್ಲೇ ಬಾಣಂತಿಯರನ್ನು ಮುಟ್ಟುತ್ತಿದ್ದರು. ಸೂಲಗಿತ್ತಿಯರು ಹೆಣ ಕೊಯ್ಯುತ್ತಿರಲಿಲ್ಲ.

ನೀವೂ ಹೀಗೇ ಮಾಡಿ. ನಿಮ್ಮ ವಿಚಾರ ಬಿಟ್ಟು ಬೇರೆ ಏನೇನು ಕಾರಣ ಇರಬಹುದು ಅಂತ ಬರೆದಿಟ್ಟುಕೊಂಡು ಒಂದೊಂದನ್ನೇ ಹೊಡೆದುಹಾಕಿ. ಇಷ್ಟು ಮಾಡದೆ "ಗೆಲಿಲಿಯೋನನ್ನೂ ಜನ ನಂಬಲಿಲ್ಲ" ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಜನ ನಂಬಲಿಲ್ಲ ಅನ್ನುವುದು ಸಾಕ್ಷಿಯಲ್ಲ. ವಾಟ್ಸಾಪಲ್ಲಿ ಬರುವ ಕ್ಯಾನ್ಸರ್ ಕಷಾಯವನ್ನೂ ಡಾಕ್ಟರುಗಳು ನಂಬುವುದಿಲ್ಲ, ಅಲ್ವಾ?

ನಿಮ್ಮ ಮಾತು ಯಾರಿಗೆ ಚುಚ್ಚುತ್ತದೆ ನೋಡಿ

1847ರ ಮೇ ತಿಂಗಳಲ್ಲಿ ಆತ ಎಲ್ಲರ ಕೈಯನ್ನೂ ಕ್ಲೋರಿನ್ ನೀರಲ್ಲಿ ತೊಳೆಸಿದ. ನಮ್ಮಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದೆಯಲ್ಲ, ಅದೇ. ಕೈಯ ವಾಸನೆ ಹೋಗುತ್ತದೆ ಅಂತ ಅದನ್ನು ಆರಿಸಿಕೊಂಡಿದ್ದು. ಏಪ್ರಿಲಲ್ಲಿ ನೂರಕ್ಕೆ 18 ಇದ್ದ ಸಾವು ಜೂನಲ್ಲಿ 2ಕ್ಕೆ ಇಳಿಯಿತು. ಇಷ್ಟು ಸಾಕಲ್ಲ ಅನ್ನಿಸುತ್ತದೆ. ಸಾಕಾಗಲಿಲ್ಲ. 1849ರಲ್ಲಿ ಆತನ ಅವಧಿ ಮುಗಿದಾಗ ವಿಭಾಗದ ಮುಖ್ಯಸ್ಥ ಆತನನ್ನು ಕೆಲಸದಲ್ಲಿ ಮುಂದುವರಿಸಲಿಲ್ಲ.

ಯಾಕೆ? "ಕೈ ತೊಳೆಯಿರಿ" ಅನ್ನುವ ಮಾತಿನ ಹಿಂದೆ ಇನ್ನೊಂದು ಮಾತು ಇತ್ತು: "ಇಷ್ಟು ವರ್ಷ ಸತ್ತವರನ್ನು ಕೊಂದಿದ್ದು ನೀವೇ." ಜರ್ಮನಿಯ ಕೀಲ್ ಊರಲ್ಲಿ ಮಿಖಾಯೆಲಿಸ್ ಅಂತ ಒಬ್ಬ ಹೆರಿಗೆ ಡಾಕ್ಟರ್ ಇದ್ದ. ವಿಷಯ ತಿಳಿದ ಕೂಡಲೇ ಒಪ್ಪಿದ, ಕ್ಲೋರಿನ್ ತೊಳೆತ ಶುರುಮಾಡಿದ. ಆದರೆ ಅವನೇ ಹೆರಿಗೆ ನೋಡಿಕೊಂಡಿದ್ದ ಸಂಬಂಧಿಕ ಹೆಂಗಸೊಬ್ಬಳು ಅದಕ್ಕೂ ಮೊದಲೇ ನಂಜಿನಿಂದ ತೀರಿಕೊಂಡಿದ್ದಳು. ಅವಳನ್ನು ಕೊಂದಿದ್ದು ನನ್ನ ಕೈಯೇ ಅಂತ ಕೊರಗಿ 1848ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಒಪ್ಪಿದವನ ಗತಿ ಹೀಗಾದರೆ, ಒಪ್ಪದೆ "ಇದೆಲ್ಲ ಸುಮ್ನೆ" ಅಂದವರನ್ನು ಬರೀ ಹಠಮಾರಿಗಳು ಅನ್ನೋಕೆ ಆಗುತ್ತಾ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಮನುಷ್ಯ ಸ್ವಭಾವ.

ಅದಕ್ಕೇ ಮೀಟಿಂಗಿಗೆ ಹೋಗುವ ಮೊದಲು ಒಂದು ಹಾಳೆ ತಗೊಳ್ಳಿ. ನಿಮ್ಮ ವಿಚಾರ ಸರಿ ಅಂತಾದರೆ ಯಾರ ಹಳೇ ಕೆಲಸ ತಪ್ಪು ಅಂತಾಗುತ್ತದೆ, ಯಾರ ಹೆಸರು ಕೆಡುತ್ತದೆ, ಯಾರ ದುಡ್ಡು ಹೋಗುತ್ತದೆ, ಬರೆಯಿರಿ. ಆ ಮನುಷ್ಯ ಮರ್ಯಾದೆ ಉಳಿಸಿಕೊಂಡು "ಸರಿ" ಅನ್ನೋಕೆ ಒಂದು ದಾರಿ ಇದೆಯಾ ಯೋಚಿಸಿ. "ಆಗ ಇದ್ದ ಮಾಹಿತಿಗೆ ನೀವು ಮಾಡಿದ್ದೇ ಸರಿ, ಈಗ ಹೊಸ ಮಾಹಿತಿ ಬಂದಿದೆ" ಅನ್ನುವ ಒಂದು ಮಾತು ಬಹಳ ಕೆಲಸ ಮಾಡುತ್ತದೆ. ಮೀಟಿಂಗಿಗೆ ಮುಂಚೆ ಅವರನ್ನು ಒಬ್ಬರೇ ಇರುವಾಗ ಕಂಡು ಹೇಳಿ, ನಾಲ್ಕು ಜನರ ಮುಂದೆ ಅಲ್ಲ.

ಹೇಳುವಾಗ

ನೀವೇ ಬರೆಯಿರಿ, ಬೇಗ ಬರೆಯಿರಿ, ಪೂರ್ತಿ ಬರೆಯಿರಿ. ಸೆಮ್ಮೆಲ್‌ವೈಸ್ ಇಲ್ಲಿ ಎಡವಿದ. ಮೊದಲು ಇದನ್ನು ಪತ್ರಿಕೆಗೆ ಬರೆದದ್ದು ಆತನಲ್ಲ, ಆತನ ಸ್ನೇಹಿತರು. ತನ್ನ ಪುಸ್ತಕ ಹೊರತಂದಿದ್ದು 1861ರಲ್ಲಿ. ಅಷ್ಟರಲ್ಲಿ ಎಷ್ಟೋ ಜನ ಆತ ಹೇಳಿದ್ದು ಹೆಣದ ವಿಷ ಒಂದನ್ನೇ ಅಂದುಕೊಂಡಿದ್ದರು. ಹೆಣ ಕೊಯ್ಯದ ಕಡೆಯೂ ನಂಜು ಬರುತ್ತದಲ್ಲ ಅಂತ ತಳ್ಳಿಹಾಕುವುದು ಸುಲಭವಾಯಿತು. ನಿಜವಾಗಿ 1847ರ ಅಕ್ಟೋಬರಲ್ಲೇ, ಗರ್ಭಕೋಶದ ಕ್ಯಾನ್ಸರ್ ಇದ್ದ ಒಬ್ಬಳನ್ನು ಮುಟ್ಟಿದ ಕೈಯಿಂದ ಅದೇ ಸಾಲಿನ ಬೇರೆ ಹೆಂಗಸರು ಸತ್ತಾಗ, ಕೊಳೆತದ್ದು ಯಾವುದಾದರೂ ಅಪಾಯವೇ ಅಂತ ಆತನಿಗೆ ಗೊತ್ತಾಗಿತ್ತು. ಅದು ಬೇಕಾದವರ ಕಿವಿ ತಲುಪಲಿಲ್ಲ.

"ಯಾಕೆ" ಅಂತ ಕೇಳಿದರೆ ಉತ್ತರ ಇರಲಿ. ಆಗಿನ್ನೂ ರೋಗಾಣು ಅನ್ನುವುದನ್ನು ಯಾರೂ ಒಪ್ಪಿರಲಿಲ್ಲ, ಕೆಟ್ಟ ಗಾಳಿಯಿಂದ ರೋಗ ಅನ್ನುವುದೇ ನಂಬಿಕೆ. ಕಣ್ಣಿಗೆ ಕಾಣದ್ದು ಕೈಯಲ್ಲಿ ಅಂಟಿಕೊಂಡು ಕೊಲ್ಲುತ್ತದೆ ಅಂದರೆ ಹೇಗೆ ಅಂತ ಆತ ವಿವರಿಸೋಕೆ ಆಗಲಿಲ್ಲ. ಉತ್ತರ ನಿಮ್ಮಲ್ಲೂ ಇಲ್ಲವಾ? ಹಾಗಾದರೆ ಒಪ್ಪಿ ಅಂತ ಕೇಳಬೇಡಿ, ಒಂದು ಕಡೆ, ಒಂದು ತಿಂಗಳು ಮಾಡಿ ನೋಡೋಣ ಅಂತ ಮಾತ್ರ ಕೇಳಿ. ಲೆಕ್ಕ ಇಡುವ ಕೆಲಸ ವಿರೋಧ ಮಾಡುವವರಿಗೇ ಕೊಡಿ. (ಹೊಟ್ಟೆ ಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣ ಅಂದರೆ ಜನ ನಂಬದಿದ್ದಾಗ ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಕಾಯಿಲೆ ಬರಿಸಿಕೊಂಡು ತೋರಿಸಿದ, 2005ರಲ್ಲಿ ನೊಬೆಲ್ ಬಂತು. ಅಷ್ಟು ದೂರ ಹೋಗಬೇಡಿ.)

ಬೈಯಬೇಡಿ. ಕೊನೆಗೆ ಸೆಮ್ಮೆಲ್‌ವೈಸ್ ಬಹಿರಂಗ ಪತ್ರ ಬರೆದು ದೊಡ್ಡ ದೊಡ್ಡ ಪ್ರೊಫೆಸರುಗಳನ್ನು ಕೊಲೆಗಾರರು ಅಂದ. ಆ ಸಿಟ್ಟು ನ್ಯಾಯವೇ, ನನಗೆ ಅದರಲ್ಲಿ ಅನುಮಾನ ಇಲ್ಲ. ಆದರೆ ಅರ್ಧ ಮನಸ್ಸಲ್ಲಿ ಇದ್ದವರೂ ದೂರ ಸರಿದರು. 1865ರ ಆಗಸ್ಟಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಆತನಿಗೆ 47. ಅದೇ ತಿಂಗಳು ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಅನ್ನುವ ಸರ್ಜನ್, ಗಾಡಿ ಹರಿದು ಕಾಲು ಮುರಿದಿದ್ದ 11 ವರ್ಷದ ಹುಡುಗನ ಗಾಯಕ್ಕೆ ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ಆಸಿಡ್ ಹಚ್ಚಿ ಕಾಲು ಉಳಿಸಿದ. ಲಿಸ್ಟರ್‌ಗೂ ವಿರೋಧ ಇತ್ತು, ವರ್ಷಗಟ್ಟಲೆ. ಆದರೆ ಅವನ ಕೈಯಲ್ಲಿ ಫ್ರಾನ್ಸಿನ ವಿಜ್ಞಾನಿ ಪಾಶ್ಚರ್ ಕೊಟ್ಟ "ಯಾಕೆ" ಇತ್ತು: ಕೊಳೆಯುವುದು ಕಣ್ಣಿಗೆ ಕಾಣದ ಕ್ರಿಮಿಗಳಿಂದ. ತಪ್ಪು ಡಾಕ್ಟರದ್ದು ಅನ್ನದೆ ಕ್ರಿಮಿಯದ್ದು ಅನ್ನೋಕೆ ಆಯಿತು. ನನ್ನ ಪ್ರಕಾರ ದೊಡ್ಡ ವ್ಯತ್ಯಾಸ ಇದೇ.

ನೀವೇ ಕೇಳುವ ಜಾಗದಲ್ಲಿದ್ದರೆ

ಮನೆಯ ಹುಡುಗನೋ, ಕೆಲಸಕ್ಕೆ ಹೊಸದಾಗಿ ಸೇರಿದವಳೋ ಏನೋ ಹೇಳಿದಾಗ ಒಳಗೆ ಕಿರಿಕಿರಿ ಆದರೆ, "ಇದು ನಿಜವಾದರೆ ನನಗೆ ಏನು ನಷ್ಟ" ಅಂತ ಕೇಳಿಕೊಳ್ಳಿ. ಉತ್ತರ ಥಟ್ಟಂತ ಹೊಳೆದರೆ ನಿಮ್ಮ "ಬೇಡ" ಬರುತ್ತಿರುವುದು ಅಲ್ಲಿಂದ ಇರಬಹುದು. ಅವತ್ತೇ ತೀರ್ಮಾನ ಹೇಳಬೇಡಿ. ಬೇರೆ ಏನೇನು ಕಾರಣ ಹೊಡೆದುಹಾಕಿದ್ದೀಯ ಅಂತ ಕೇಳಿ. ಪಟ್ಟಿ ತೋರಿಸಿದರೆ ಒಂದು ತಿಂಗಳು ಮಾಡೋಕೆ ಬಿಡಿ. ಪಟ್ಟಿ ಇಲ್ಲದಿದ್ದರೆ ಮಾಡಿಕೊಂಡು ಬಾ ಅಂತ ಕಳಿಸಿ.