ಕೊಚ್ಚಿಯಲ್ಲಿ ಮೊದಲು ನೀರು, ಆಮೇಲೆ ಮಂಡಿ ಬೀದಿ

ಕೊಚ್ಚಿಗೆ ಹೋದವರಲ್ಲಿ ಹೆಚ್ಚಿನವರು ಕಾರಿನಲ್ಲಿ ಸೇತುವೆ ದಾಟಿ ಫೋರ್ಟ್ ಕೊಚ್ಚಿಗೆ ಬರುತ್ತಾರೆ. ಚೀನಾ ಬಲೆ, ಒಂದು ಚರ್ಚು, ಒಂದು ಅರಮನೆ, ಅಲ್ಲಿಗೆ ಮುಗೀತು. ನಾನು ಕುಂದಾಪುರದ ಕಡೆಯವನು, ನದಿ ಕಡಲು ಸೇರುವ ಅಳಿವೆ ನೋಡುತ್ತಾ ಬೆಳೆದವನು. ಈ ಊರನ್ನು ಬಂದರಾಗಿಯೇ ನೋಡಬೇಕು ಅಂತ ನನಗೆ ಆಸೆಯಿತ್ತು. ಅದಕ್ಕೇ ನೀರಿನ ದಾರಿ ಹಿಡಿದೆ.

ಎರ್ನಾಕುಲಂ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ಸರ್ಕಾರಿ ಬೋಟು ಹೋಗುತ್ತದೆ. ಈಗ ವಾಟರ್ ಮೆಟ್ರೋ ಕೂಡ ಇದೆ, ಎಸಿ ಇರುವ ಚಂದದ ಬೋಟು. ಆದರೂ ನನ್ನ ಮನಸ್ಸು ಹಳೇ ಬೋಟಿನ ಕಡೆಗೇ. ಕಿಟಕಿಗೆ ಗಾಜಿಲ್ಲ, ಗಾಳಿ ನೇರ ಮುಖಕ್ಕೆ ಬರುತ್ತದೆ. ಎಡಕ್ಕೆ ವಿಲ್ಲಿಂಗ್ಡನ್ ದ್ವೀಪ, ಬಲಕ್ಕೆ ವಲ್ಲಾರ್ಪಾಡಂ ಕಂಟೇನರ್ ಬಂದರಿನ ದೊಡ್ಡ ದೊಡ್ಡ ಕ್ರೇನುಗಳು. ಎದುರಿಗೆ ಅಳಿವೆ.

ಈ ಅಳಿವೆಯಿಂದಲೇ ಊರಿನ ಕತೆ ಶುರು. ಹಿಂದೆ ಈ ಕರಾವಳಿಯ ದೊಡ್ಡ ಬಂದರು ಉತ್ತರಕ್ಕಿದ್ದ ಮುಜಿರಿಸ್. 1341ರಲ್ಲಿ ಪೆರಿಯಾರ್ ನದಿಗೆ ಭಾರೀ ನೆರೆ ಬಂದು ಅಲ್ಲಿ ಹೂಳು ತುಂಬಿತು, ಇಲ್ಲಿ ಬಾಯಿ ತೆರೆಯಿತು ಎನ್ನುತ್ತಾರೆ. ಆದರೆ ಇಲ್ಲೂ ಅಳಿವೆಗೆ ಅಡ್ಡಲಾಗಿ ಮರಳದಿಬ್ಬ ಇತ್ತು. ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಬೇಕಿತ್ತು. ಸರಕೆಲ್ಲ ದೋಣಿಯಲ್ಲಿ ಒಳಗೆ ಬರುತ್ತಿತ್ತು. 1920ರ ದಶಕದಲ್ಲಿ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಆ ದಿಬ್ಬ ಕಡಿಸಿ ದಾರಿ ಮಾಡಿದರು. ತೆಗೆದ ಹೂಳು, ಮಣ್ಣು ಹಾಕಿಯೇ ವಿಲ್ಲಿಂಗ್ಡನ್ ದ್ವೀಪವನ್ನು ಹಿಗ್ಗಿಸಿದ್ದು. ಬೋಟಿನಲ್ಲಿ ಕೂತು ಅದನ್ನು ನೋಡುವಾಗ ಇಷ್ಟು ಗೊತ್ತಿದ್ದರೆ ಸಾಕು, ನೋಟವೇ ಬೇರೆಯಾಗುತ್ತದೆ.

ಇಳಿದ ಮೇಲೆ ಚೀನಾ ಬಲೆಯ ಹತ್ತಿರ ಸುಮ್ನೆ ನಿಂತು ನೋಡಿ. ಬಲೆ ಎತ್ತುವಾಗ ಹಿಂದೆ ಹಗ್ಗದಲ್ಲಿ ತೂಗುಬಿಟ್ಟ ಕಲ್ಲುಗಳು ಒಂದೊಂದಾಗಿ ನೆಲಕ್ಕೆ ಕೂರುತ್ತವೆ. ಅಷ್ಟು ದೊಡ್ಡ ಬಲೆಯನ್ನು ನಾಲ್ಕೈದು ಜನ ಎತ್ತುವುದು ಆ ಕಲ್ಲುಗಳ ಭಾರದಿಂದ. ಪಕ್ಕದ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೋ ಡ ಗಾಮನನ್ನು ಹೂಳಿದ ಜಾಗ ಇದೆ. 1524ರಲ್ಲಿ ಅವನು ಕೊಚ್ಚಿಯಲ್ಲೇ ತೀರಿಕೊಂಡ. 1539ರಲ್ಲಿ ಅಸ್ಥಿಯನ್ನು ಪೋರ್ಚುಗಲ್‌ಗೆ ಒಯ್ದರು.

ಅಲ್ಲಿಂದ ಪಕ್ಕದ ಹಳೇ ಪೇಟೆ ಮಟ್ಟಂಚೇರಿಗೆ ಆಟೋ ಹತ್ತಬೇಡಿ. ಕಲ್ವತ್ತಿ ರಸ್ತೆ ಹಿಡಿದು ಬಜಾರ್ ರೋಡಿಗೆ ನಡೆಯಿರಿ. ಕೊಚ್ಚಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಬೀದಿ. ಇಕ್ಕಟ್ಟಾದ ರಸ್ತೆ, ಹಳೇ ಹಂಚಿನ ಗೋದಾಮುಗಳ ಸಾಲು. ಅಕ್ಕಿ ಮೂಟೆ, ಬೇಳೆ, ಒಣಶುಂಠಿ, ಕಾಳುಮೆಣಸು. ಮಂಡಿಗೆ ಮಂಡಿಗೆ ವಾಸನೆ ಬದಲಾಗುತ್ತದೆ. ನೀರಿನ ಬದಿಯ ಗೋದಾಮುಗಳ ಬಾಗಿಲಲ್ಲಿ ನಿಂತು ಒಳಗೆ ಇಣುಕಿದರೆ ಉದ್ದನೆಯ ಅಂಗಳ, ಅದರ ಕೊನೆಗೆ ನೀರು ಕಾಣುತ್ತದೆ. ಸರಕು ಹಿಂಬದಿಯಿಂದ ದೋಣಿಯಲ್ಲಿ ಬರುತ್ತಿತ್ತು, ಮುಂಬಾಗಿಲಿನಿಂದ ಬೀದಿಗೆ ಹೋಗುತ್ತಿತ್ತು. ನಾನು ಕೇಳಿದಾಗ ಮೂಟೆ ಹೊರುತ್ತಿದ್ದ ಒಬ್ಬರು ಹಿಂದಿನ ಕಟ್ಟೆಯವರೆಗೂ ಕರೆದುಕೊಂಡು ಹೋಗಿ ತೋರಿಸಿದರು. 'ಚೇಟಾ' (ಮಲಯಾಳದಲ್ಲಿ ಅಣ್ಣ) ಅಂತ ಕರೆದು, ಒಳಗೆ ಬರಬಹುದಾ ಅಂತ ಕೇಳಿದರೆ ಸಾಕು.

ಅಕ್ಕಿ ಮೂಟೆ ನೋಡಿದಾಗ ನಮ್ಮೂರು ನೆನಪಾಯಿತು. ಮಲಬಾರಿನಲ್ಲಿ ಮೆಣಸು, ತೆಂಗು ಬೇಕಾದಷ್ಟು, ಆದರೆ ಅಕ್ಕಿ ಸಾಲುತ್ತಿರಲಿಲ್ಲ. ಪೋರ್ಚುಗೀಸರ ಕಾಲದಲ್ಲಿ ಬಸ್ರೂರು, ಮಂಗಳೂರಿನ ಅಕ್ಕಿ ಹಡಗಿನಲ್ಲಿ ಮಲಬಾರಿಗೂ ಗೋವಾಕ್ಕೂ ಹೋಗುತ್ತಿತ್ತು. ಇವತ್ತು ಬಸ್ರೂರಿನಲ್ಲಿ ಆ ಬಂದರಿನ ಗುರುತು ಹುಡುಕಬೇಕು. ಇಲ್ಲಿ ಮಂಡಿ ಇನ್ನೂ ಉಸಿರಾಡುತ್ತಿದೆ. ಆದರೆ ಕೆಲವು ಗೋದಾಮುಗಳು ಕೆಫೆ, ಕಲಾ ಗ್ಯಾಲರಿ ಆಗಿವೆ. ಕಟ್ಟಡ ಉಳಿಯುತ್ತದೆ ಎನ್ನುವುದು ಸಂತೋಷ. ಮೂಟೆಯೂ ಉಳಿಯಬೇಕು ಅಂತ ನನಗೆ ಜೋರಾಗಿ ಅನಿಸುತ್ತದೆ.

ಮಟ್ಟಂಚೇರಿ ಅರಮನೆಯನ್ನು 1555ರ ಸುಮಾರಿಗೆ ಪೋರ್ಚುಗೀಸರು ಕೊಚ್ಚಿ ರಾಜನಿಗೆ ಕಟ್ಟಿಸಿಕೊಟ್ಟರು. 1663ರಲ್ಲಿ ಊರು ಹಿಡಿದ ಡಚ್ಚರು ಅದನ್ನು ದುರಸ್ತಿ ಮಾಡಿದ್ದಕ್ಕೆ ಡಚ್ ಪ್ಯಾಲೆಸ್ ಎಂಬ ಹೆಸರು. ಒಳಗಿನ ರಾಮಾಯಣದ ಭಿತ್ತಿಚಿತ್ರಗಳಿಗೆ ನಿಧಾನವಾಗಿ ಸಮಯ ಕೊಡಿ. ಹತ್ತಿರದಲ್ಲೇ 1568ರ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ ಇದೆ. ಅದರ ನೆಲಕ್ಕೆ ಚೀನಾದಿಂದ ಬಂದ ನೀಲಿ ಚಿತ್ತಾರದ ಹಾಸು.

ತಿರುಮಲ ದೇವಸ್ವಂ ದೇವಸ್ಥಾನದ ಸುತ್ತಮುತ್ತ ಕಿವಿಗೆ ಕೊಂಕಣಿ ಬಿತ್ತು, ನಮ್ಮ ಕರಾವಳಿಯ ಪೇಟೆಗಳಲ್ಲಿ ಕೇಳುವ ಹಾಗೆಯೇ. ಪೋರ್ಚುಗೀಸರ ಕಾಟಕ್ಕೆ ಗೋವಾ ಬಿಟ್ಟವರಲ್ಲಿ ಹಲವರು ನಮ್ಮ ಕಡೆ ನಿಂತರು, ಹಲವರು ಇಲ್ಲಿಯವರೆಗೂ ಬಂದರು. ಹೋರ್ಟಸ್ ಮಲಬಾರಿಕಸ್ ಎಂಬ 12 ಸಂಪುಟಗಳ ಸಸ್ಯಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದನ್ನು ಮಾಡಿಸಿದ ಡಚ್ ಅಧಿಕಾರಿ ವಾನ್ ರೀಡ್‌ಗೆ ಗಿಡಗಳ ಗುಣ ಹೇಳಿದವರಲ್ಲಿ ಇಟ್ಟಿ ಅಚ್ಯುತನ್ ಎಂಬ ವೈದ್ಯರ ಜೊತೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿಗರಿದ್ದರು. ಮೆಣಸಿನಷ್ಟೇ ಬೆಲೆಯ ತಿಳಿವಳಿಕೆಯೂ ಈ ಬಂದರಿನಿಂದ ಹಡಗು ಹತ್ತಿದೆ, ಅಲ್ವಾ?

ಹೋಗುವ ದಿನ ಯಾವ ವಾರ ಅಂತ ಮಾತ್ರ ನೋಡಿಕೊಳ್ಳಿ. ಅರಮನೆಗೆ ಶುಕ್ರವಾರ ರಜೆ. ಸಿನಗಾಗ್ ಶನಿವಾರ ಮುಚ್ಚಿರುತ್ತದೆ, ಶುಕ್ರವಾರವೂ ಅದನ್ನು ನಂಬಿಕೊಂಡು ಹೋಗಬೇಡಿ. ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ, ಮಂಡಿಗಳಿಗೆ ಬಾಗಿಲು. ಸೋಮವಾರದಿಂದ ಗುರುವಾರದೊಳಗೆ ಬೆಳಗಿನ ಬೋಟು ಹಿಡಿದರೆ, ಬಜಾರ್ ರೋಡಿನಲ್ಲಿ ಲಾರಿಗೆ ಮೂಟೆ ತುಂಬುವ ಹೊತ್ತಿಗೆ ಸರಿಯಾಗಿ ತಲುಪುತ್ತೀರಿ.