ಎಸ್ಪೋ ನಗರದ ಜನಸಂಖ್ಯೆ ಏರಿಕೆಯನ್ನು ಬಿಡಿಸಿ ಓದುವ ಬಗೆ

ಫಿನ್ಲೆಂಡಿನ ಎಸ್ಪೋದಲ್ಲಿ 2022ರ ಕೊನೆಗೆ 3,05,274 ಜನರಿದ್ದರು, 2023ರ ಕೊನೆಗೆ 3,14,024. ಒಂದೇ ವರ್ಷದಲ್ಲಿ 8,750 ಜನ, ಅಂದರೆ ಶೇ 2.87ರಷ್ಟು ಏರಿಕೆ. ಇದೊಂದೇ ಅಂಕಿಯನ್ನು ನಂಬಿ ಶಾಲೆ ಕಟ್ಟಲಾಗದು, ಬಸ್ಸು ಬಿಡಲಾಗದು. ಬಂದವರ ವಯಸ್ಸೆಷ್ಟು, ಎಲ್ಲಿಂದ ಬಂದರು, ಯಾವ ಬಡಾವಣೆಯಲ್ಲಿ ನೆಲೆಸಿದರು ಎಂದು ಬಿಡಿಸಿದರೆ ಮಾತ್ರ ಅಂಕಿ ಕೆಲಸಕ್ಕೆ ಬರುತ್ತದೆ. ಅದಕ್ಕೆ ಎಕ್ಸೆಲ್ ಮತ್ತು ಉಚಿತ ಕೋಷ್ಟಕಗಳು ಸಾಕು.

ಅಂಕಿ ತೆಗೆಯುವುದು

ಅಲ್ಲಿ ಮನೆಮನೆಗೆ ಹೋಗಿ ಎಣಿಸುವ ಪದ್ಧತಿ ಇಲ್ಲ. 1990ರಿಂದ ಜನಗಣತಿ ಪೂರ್ತಿ ಸರ್ಕಾರಿ ನೋಂದಣಿಗಳಿಂದಲೇ ನಡೆಯುತ್ತದೆ. ದೇಶದ ಅಂಕಿಅಂಶ ಸಂಸ್ಥೆ ತಿಲಸ್ತೊಕೆಸ್ಕುಸ್, ಅದರ ಉಚಿತ ದತ್ತಾಂಶ ಕೋಶ ಸ್ಟಾಟ್‌ಫಿನ್, ಇಂಗ್ಲಿಷಿನಲ್ಲೂ ಸಿಗುತ್ತದೆ. ಎಸ್ಪೋದ ಸಂಕೇತ 049. ಮೂರು ಕೋಷ್ಟಕ ಇಳಿಸಿಕೊಳ್ಳಿ: ಡಿಸೆಂಬರ್ 31ರ ಜನಸಂಖ್ಯೆ ವಯಸ್ಸುವಾರು, ವಾರ್ಷಿಕ ಜನನ–ಮರಣ–ವಲಸೆ, ಮಾತೃಭಾಷೆವಾರು ಜನಸಂಖ್ಯೆ. ವಯಸ್ಸನ್ನು ಒಂದೊಂದೇ ವರ್ಷವಾಗಿ ತೆಗೆಯಿರಿ. ಐದೈದು ವರ್ಷದ ಗುಂಪು ತೆಗೆದರೆ ಶಾಲೆಯ ಲೆಕ್ಕ ಮಾಡಲು ಬರುವುದಿಲ್ಲ.

ತಾಳೆ ನೋಡುವುದು

ಹಿಂದಿನ ವರ್ಷದ ಜನಸಂಖ್ಯೆಗೆ ಜನನ ಕೂಡಿಸಿ, ಮರಣ ಕಳೆಯಿರಿ. ದೇಶದೊಳಗಿನ ವಲಸೆಯಲ್ಲಿ ಬಂದವರನ್ನು ಕೂಡಿಸಿ, ಹೋದವರನ್ನು ಕಳೆಯಿರಿ. ವಿದೇಶ ವಲಸೆಗೂ ಹಾಗೆಯೇ. ಸಣ್ಣ ವ್ಯತ್ಯಾಸ ಉಳಿದರೆ ಅದು ‘ತಿದ್ದುಪಡಿ’ ಎಂಬ ಸಾಲಿನದು. ದೊಡ್ಡದಾಗಿ ಉಳಿದರೆ ತಿಂಗಳ ತಾತ್ಕಾಲಿಕ ಅಂಕಿಯನ್ನು ವರ್ಷದ ಅಂತಿಮ ಅಂಕಿಯ ಜೊತೆ ಬೆರೆಸಿದ್ದೀರಾ ನೋಡಿ. ಸಾವಿರಕ್ಕೆ ಇಷ್ಟು ಜನನ ಎಂಬ ದರ ಬೇಕಾದಾಗ ವರ್ಷದ ಎರಡೂ ತುದಿಗಳ ಸರಾಸರಿಯಿಂದ ಭಾಗಿಸಬೇಕು. 2023ಕ್ಕೆ ಅದು 3,09,649.

ಶೇ 2.87ರ ಲೆಕ್ಕದಲ್ಲಿ 24–25 ವರ್ಷಕ್ಕೆ ನಗರ ಇಮ್ಮಡಿಯಾಗುತ್ತದೆ ಎಂದು ಬರೆಯಬೇಡಿ. 2023 ಮಾಮೂಲಿ ವರ್ಷವಲ್ಲ. ಉಕ್ರೇನಿನಿಂದ ಬಂದವರು ಒಂದು ವರ್ಷ ಕಳೆದ ಮೇಲೆ ಅಲ್ಲಿನ ‘ಕೋತಿಕುಂತ’, ಅಂದರೆ ಅಧಿಕೃತ ವಾಸದ ಊರು, ಪಡೆಯಲು ಅವಕಾಶವಾದದ್ದು 2023ರ ಮಾರ್ಚ್‌ನಿಂದ. 2022ರಲ್ಲಿ ಬಂದಿಳಿದವರು ಲೆಕ್ಕಕ್ಕೆ ಸಿಕ್ಕಿದ್ದು ಮರುವರ್ಷ. ಇದೇ ಕಾರಣಕ್ಕೆ, ವೈಯಕ್ತಿಕ ಗುರುತಿನ ಸಂಖ್ಯೆ ಇದ್ದರೂ ಕೋತಿಕುಂತ ಇಲ್ಲದೆ ಅಲ್ಪಾವಧಿ ಕೆಲಸಕ್ಕೆ ಬಂದಿರುವ ಬೆಂಗಳೂರಿನ ಎಂಜಿನಿಯರ್ ಈ ಎಣಿಕೆಯಲ್ಲಿ ಇರುವುದಿಲ್ಲ. ಇನ್ನೊಂದು ಕಡೆ, ಹೇಳದೆ ದೇಶ ಬಿಟ್ಟವರು ಕೆಲಕಾಲ ಎಣಿಕೆಯಲ್ಲೇ ಉಳಿಯುತ್ತಾರೆ. ಹಳೆಯ ಸಾಲುಗಳನ್ನು ನೋಡುವವರು 1994ರಲ್ಲಿ ನಿಲ್ಲಬೇಕು: ಓದುವ ಊರಿನಲ್ಲೇ ನೋಂದಾಯಿಸಿಕೊಳ್ಳಲು ವಿದ್ಯಾರ್ಥಿಗಳಿಗೆ ಆಗ ಅವಕಾಶವಾಯಿತು, ದೇಶದೊಳಗಿನ ವಲಸೆಯ ಅಂಕಿ ತಟ್ಟನೆ ಏರಿತು.

ಶಾಲೆಯ ಲೆಕ್ಕ

ಇಡೀ ಕೆಲಸದ ತಿರುಳು ಇಲ್ಲಿದೆ. ಫಿನ್ಲೆಂಡಿನಲ್ಲಿ ಮಗು ಏಳು ತುಂಬುವ ವರ್ಷದ ಆಗಸ್ಟ್‌ನಲ್ಲಿ ಒಂದನೇ ತರಗತಿ ಸೇರುತ್ತದೆ. ಆದ್ದರಿಂದ 2023ರ ಕೊನೆಗೆ 6 ವಯಸ್ಸಿನ ಸಾಲಿನಲ್ಲಿದ್ದವರು 2024ರಲ್ಲಿ ಶಾಲೆಗೆ ಬಂದರು. 0 ಸಾಲಿನಲ್ಲಿದ್ದವರು 2030ರಲ್ಲಿ ಬರುತ್ತಾರೆ.

ಆದರೆ 0 ಸಾಲಿನ ಅಂಕಿಯನ್ನೇ 2030ಕ್ಕೆ ಬರೆದಿಡುವಂತಿಲ್ಲ, ನಡುವೆ ಕುಟುಂಬಗಳು ಬರುತ್ತವೆ, ಹೋಗುತ್ತವೆ. ಅದಕ್ಕೊಂದು ಅನುಪಾತ ಬೇಕು. 2023ರ 6 ವಯಸ್ಸಿನವರನ್ನು 2017ರ 0 ವಯಸ್ಸಿನವರಿಂದ ಭಾಗಿಸಿ. ಲೆಕ್ಕಕ್ಕೆಂದು, 100 ಇದ್ದದ್ದು 112 ಆಗಿದ್ದರೆ ಅನುಪಾತ 1.12, ಮಕ್ಕಳಿರುವ ಕುಟುಂಬಗಳು ಬರುತ್ತಿವೆ ಎಂದರ್ಥ. ಹಿಂದಿನ ಎರಡು ವರ್ಷಗಳಿಗೂ ಇದನ್ನೇ ಮಾಡಿ ಸರಾಸರಿ ತೆಗೆಯಿರಿ. 2023 ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕಿ, ಎರಡನ್ನೂ ಇಟ್ಟುಕೊಳ್ಳಿ. ಈ ಅನುಪಾತದಿಂದ ಇಂದಿನ 0 ಸಾಲನ್ನು ಗುಣಿಸಿದರೆ ಮುಂದಿನ ಒಂದನೇ ತರಗತಿ ಸಿಗುತ್ತದೆ.

ಅಲ್ಲಿಂದ ಮುಂದಕ್ಕೆ ಇನ್ನೂ ಹುಟ್ಟದ ಮಕ್ಕಳನ್ನು ಊಹಿಸಬೇಕು. ಹೆಚ್ಚಿನ ಲೆಕ್ಕಗಳು ಕೆಡುವುದು ಇಲ್ಲೇ. ದೇಶದ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಮಹಿಳೆ ಜೀವಮಾನದಲ್ಲಿ ಹೆರುವ ಮಕ್ಕಳ ಸರಾಸರಿ, 2010ರಲ್ಲಿ 1.87 ಇತ್ತು, 2023ಕ್ಕೆ 1.26ಕ್ಕೆ ಇಳಿಯಿತು. ಹತ್ತು ವರ್ಷದ ಸರಾಸರಿ ಹಾಕಿದವರ ತರಗತಿಗಳು ಖಾಲಿ ಉಳಿಯುತ್ತವೆ. ಇತ್ತೀಚಿನ ದರದಿಂದಲೇ ಹೊರಡಿ.

ಬಡಾವಣೆವಾರು ನೋಡದಿದ್ದರೆ ಇಷ್ಟು ಶ್ರಮವೂ ವ್ಯರ್ಥ. ಪಶ್ಚಿಮ ಮೆಟ್ರೊ 2017ರ ನವೆಂಬರ್‌ನಲ್ಲಿ ಮಾತಿನ್‌ಕ್ಯೂಲ್ಯಾವರೆಗೆ, 2022ರ ಡಿಸೆಂಬರ್‌ನಲ್ಲಿ ಕಿವೆನ್‌ಲಹ್ತಿವರೆಗೆ ಬಂತು. ಫಿನ್ನೋದಂಥ ಹೊಸ ಬಡಾವಣೆಗಳು ಈ ದಾರಿಯಲ್ಲೇ ಏಳುತ್ತಿವೆ. ಹೊಸ ಬಡಾವಣೆಗೆ ಎಳೆಯ ಕುಟುಂಬಗಳು ಒಟ್ಟಿಗೆ ಬರುವುದರಿಂದ ಮೊದಲು ಶಿಶುವಿಹಾರ ತುಂಬುತ್ತದೆ, ಆಮೇಲೆ ಶಾಲೆ, ಕೆಲವು ವರ್ಷಕ್ಕೆ ಎರಡೂ ಇಳಿಯುತ್ತವೆ. ತುತ್ತತುದಿಯ ವರ್ಷಕ್ಕೆಂದು ಶಾಶ್ವತ ಕಟ್ಟಡ ಕಟ್ಟಬೇಡಿ, ತಾತ್ಕಾಲಿಕ ಕೊಠಡಿ ಸಾಕು. ಒಂದೇ ಕೋಣೆಯ ಫ್ಲಾಟುಗಳು ಹೆಚ್ಚಿದ್ದಲ್ಲಿ ಮನೆಗಳ ಸಂಖ್ಯೆ ಏರಿದರೂ ಮಕ್ಕಳ ಸಂಖ್ಯೆ ಅಷ್ಟು ಏರದು, ಹಾಗಾಗಿ ಮನೆ ಎಣಿಸುವಾಗ ಕೋಣೆಗಳನ್ನೂ ಎಣಿಸಿ. ಪಿನ್‌ಕೋಡ್‌ವಾರು ಅಂಕಿಗಳು ಪಾವೋ ಎಂಬ ಉಚಿತ ದತ್ತಾಂಶದಲ್ಲಿವೆ.

ಭಾಷೆ, ಹಿನ್ನೆಲೆ, ಪೌರತ್ವ

ಜನ್ಮದೇಶವೂ ಸೇರಿ ಇವು ನಾಲ್ಕು ಬೇರೆ ಬೇರೆ ಎಣಿಕೆ, ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಬೇಡಿ. ಭಾರತದಲ್ಲಿ ಹುಟ್ಟಿದ ಕನ್ನಡ ದಂಪತಿಗೆ ಎಸ್ಪೋದಲ್ಲಿ ಮಗು ಹುಟ್ಟಿತೆನ್ನಿ. ಮಗುವಿನ ಜನ್ಮದೇಶ ಫಿನ್ಲೆಂಡ್. ತಂದೆತಾಯಿ ಇಬ್ಬರೂ ಹೊರದೇಶದಲ್ಲಿ ಹುಟ್ಟಿದ್ದರಿಂದ ಅದರ ಹಿನ್ನೆಲೆ ಭಾರತ, ಎರಡನೇ ಪೀಳಿಗೆ. ಪೌರತ್ವ ಭಾರತದ್ದೇ ಇರಬಹುದು. ಮಾತೃಭಾಷೆ ಮಾತ್ರ ತಂದೆತಾಯಿ ಬರೆಸಿದಂತೆ: ಇಂಗ್ಲಿಷ್ ಎಂದು ಬರೆಸಿದರೆ ಆ ಮಗು ಕನ್ನಡದ ಸಾಲಿನಲ್ಲಿ ಸಿಗುವುದೇ ಇಲ್ಲ. ಮನೆಮಾತು ಕನ್ನಡವಾಗಿದ್ದರೆ ಕನ್ನಡವೆಂದೇ ಬರೆಸಿ.

ಫಿನ್ನಿಷ್ ಜೊತೆಗೆ ದೇಶದ ಇನ್ನೊಂದು ಅಧಿಕೃತ ಭಾಷೆಯಾದ ಸ್ವೀಡಿಷ್ ವಿಷಯದಲ್ಲಿ ಶೇಕಡಾವಾರು ನೋಡಿ ಮೋಸಹೋಗುವವರಿದ್ದಾರೆ. ಈ ಎರಡರಲ್ಲಿ ಅಲ್ಪಸಂಖ್ಯಾತ ಭಾಷೆಯವರು ಶೇ 8 ಅಥವಾ 3,000 ಮುಟ್ಟಿದರೆ ಊರು ದ್ವಿಭಾಷಿ. ಎಸ್ಪೋದಲ್ಲಿ ಸ್ವೀಡಿಷ್ ಪಾಲು ಶೇ 8ಕ್ಕಿಂತ ಕೆಳಗಿಳಿದಿದ್ದರೂ ತಲೆಯೆಣಿಕೆ 3,000ಕ್ಕಿಂತ ಎಷ್ಟೋ ಮೇಲಿದೆ. ಅವರ ಶಾಲೆಗಳೂ ಬೇರೆ, ಹಾಗಾಗಿ ಮೇಲಿನ ಅನುಪಾತವನ್ನು ಅವರಿಗೆ ಪ್ರತ್ಯೇಕವಾಗಿ ಹಾಕಬೇಕು.

ಕೊನೆಗೆ ನಿಮ್ಮ ಅಂಕಿಯನ್ನು ತಿಲಸ್ತೊಕೆಸ್ಕುಸ್‌ನ ಮುನ್ನೋಟದ ಪಕ್ಕದಲ್ಲಿಡಿ. ಅದು ಹಿಂದಿನ ನಡೆಯನ್ನೇ ಮುಂದಕ್ಕೆಳೆಯುವ ಲೆಕ್ಕ, ನಗರ ಕಟ್ಟಲಿರುವ ಮನೆಗಳು ಅದರಲ್ಲಿಲ್ಲ, ಆದ್ದರಿಂದ ವ್ಯತ್ಯಾಸ ಸಹಜ. ವ್ಯತ್ಯಾಸ 0 ವಯಸ್ಸಿನಲ್ಲಿದ್ದರೆ ಜನನದ ಊಹೆಯನ್ನು ಮರುಪರಿಶೀಲಿಸಿ, 20ರಿಂದ 34ರೊಳಗಿದ್ದರೆ ವಲಸೆಯದನ್ನು.