ಜರ್ಮನಿಯಲ್ಲಿ ನಾನು ಆರೋಗ್ಯ ವಿಮೆ ಆರಿಸಿಕೊಂಡ ಬಗೆ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯಿಂದ ಓದಲೆಂದು ಜರ್ಮನಿಗೆ ಹೊರಡುವ ಮಕ್ಕಳು ಈಗ ಅಪರೂಪವಲ್ಲ. ಅಲ್ಲಿ ಓದಿ, ಕೆಲವು ವರ್ಷ ಕೆಲಸ ಮಾಡಿ ಸಾಗರಕ್ಕೆ ಮರಳಿರುವ ನನ್ನ ಬಳಿ ಅವರ ತಂದೆತಾಯಿಯರು ಬಂದು ಬ್ಯಾಂಕ್ ಸಾಲ, ಅಲ್ಲಿನ ಖರ್ಚಿಗೆಂದು ಮೊದಲೇ ಹಣ ತೆಗೆದಿಡುವ ಬ್ಲಾಕ್ಡ್ ಅಕೌಂಟ್, ಬಾಡಿಗೆ ಕೋಣೆ ಎಲ್ಲವನ್ನೂ ವಿವರವಾಗಿ ಕೇಳುತ್ತಾರೆ. ಆರೋಗ್ಯ ವಿಮೆಯ ಬಗ್ಗೆ ಮಾತ್ರ ‘ವೀಸಾಕ್ಕೆ ಬೇಕಂತಲ್ಲ, ಕಡಿಮೆಯದ್ದು ಯಾವುದು ಹೇಳಿ’ ಎಂದು ಮುಗಿಸಿಬಿಡುತ್ತಾರೆ. ಇದಕ್ಕೆ ಒಂದೇ ಮಾತಿನ ಉತ್ತರ ಕೊಡಲು ನನಗೆ ಮನಸ್ಸು ಬರುವುದಿಲ್ಲ. ತಿಂಗಳ ಕಂತು ಕಡಿಮೆ ಇರುವ ವಿಮೆಯೇ ಕಾಯಿಲೆ ಬಿದ್ದಾಗಲೂ ನಮ್ಮ ಕೈಯ ಖರ್ಚನ್ನು ಕಡಿಮೆ ಮಾಡುತ್ತದೆ ಎಂದೇನೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಓದಿನ ಆರಂಭದಲ್ಲಿ ಮಾಡಿಕೊಂಡ ಒಂದು ಆಯ್ಕೆಯನ್ನು ಅಲ್ಲಿ ಓದು ಮುಗಿಯುವವರೆಗೂ ಬದಲಿಸಲು ಆಗುವುದಿಲ್ಲ.

ಜರ್ಮನಿಯಲ್ಲಿ ವಿಮೆಯಿಲ್ಲದೆ ವಿಶ್ವವಿದ್ಯಾಲಯಕ್ಕೆ ದಾಖಲಾಗುವಂತಿಲ್ಲ. ಮೂವತ್ತು ವರ್ಷ ತುಂಬದ ವಿದ್ಯಾರ್ಥಿಗೆ ಸಾರ್ವಜನಿಕ ವಿಮೆಯಲ್ಲಿ, ಎಂದರೆ ಕಾನೂನಿನಡಿ ವಿಮಾ ನಿಧಿಗಳು ನಡೆಸುವ ವಿಮೆಯಲ್ಲಿ, ರಿಯಾಯಿತಿ ದರವಿದೆ. 2025ರ ಲೆಕ್ಕದಲ್ಲಿ ಅದು ಆರೈಕೆ ವಿಮೆಯೂ (ದೀರ್ಘಕಾಲ ಇನ್ನೊಬ್ಬರ ಆರೈಕೆ ಬೇಕಾದಾಗಿನ ಖರ್ಚಿಗೆ) ಸೇರಿ ತಿಂಗಳಿಗೆ ಸುಮಾರು 140 ಯೂರೋ. ಅದರ ಪಕ್ಕದಲ್ಲೇ ಖಾಸಗಿ ಕಂಪನಿಗಳು ವಿದೇಶಿ ವಿದ್ಯಾರ್ಥಿಗಳಿಗೆಂದು ಮಾರುವ, ಇದರ ಅರ್ಧಕ್ಕೂ ಕಡಿಮೆ ಕಂತಿನ ಪಾಲಿಸಿಗಳಿವೆ. ಓದು ಆರಂಭವಾದ ಮೂರು ತಿಂಗಳೊಳಗೆ ಅರ್ಜಿ ಕೊಟ್ಟು ಸಾರ್ವಜನಿಕ ವಿಮೆಯಿಂದ ವಿನಾಯಿತಿ ಪಡೆದು ಖಾಸಗಿಯತ್ತ ಹೋಗಬಹುದು. ಹಾಗೆ ಪಡೆದ ವಿನಾಯಿತಿಯನ್ನು ಆ ಓದಿನ ಅವಧಿಯಲ್ಲಿ ಹಿಂಪಡೆಯುವಂತಿಲ್ಲ. ಸಾಲ ಮಾಡಿ ಹೊರಟವಳಿಗೆ ತಿಂಗಳಿಗೆ ಅಷ್ಟು ಹಣ ಉಳಿಯುವುದು ಸಣ್ಣ ಮಾತಾಗಿರಲಿಲ್ಲ. ಆದರೆ ನನಗೆ ಚಿಕ್ಕಂದಿನಿಂದ ಉಬ್ಬಸ. ಮಲೆನಾಡಿನ ಮಳೆಗಾಲದಲ್ಲಿ ಇನ್ಹೇಲರ್ ಇಲ್ಲದೆ ನಾನು ಮನೆಯಿಂದ ಹೊರಗೆ ಕಾಲಿಟ್ಟವಳಲ್ಲ.

ನಿರ್ಧಾರಕ್ಕೆ ದಾರಿ ತೋರಿದವರು ಅಪ್ಪಯ್ಯ. ಅವರು ನಮ್ಮೂರಿನ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವರು. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗೆಂದು ಯಶಸ್ವಿನಿ ಆರೋಗ್ಯ ಯೋಜನೆ ಶುರುವಾದಾಗಿನಿಂದ ಸದಸ್ಯರ ಮನೆಮನೆಗೆ ಹೋಗಿ ವಂತಿಗೆ ಕೂಡಿಸಿದವರು. (2018ರಲ್ಲಿ ನಿಂತುಹೋದ ಆ ಯೋಜನೆ 2022ರಲ್ಲಿ ಮತ್ತೆ ಆರಂಭವಾಗಿರುವುದು ನಮ್ಮ ರೈತ ಕುಟುಂಬಗಳ ಮಟ್ಟಿಗೆ ನಿಜಕ್ಕೂ ಒಳ್ಳೆಯ ಸುದ್ದಿ.) ನಾನು ಎರಡೂ ಬಗೆಯ ವಿಮೆಯ ವಿವರ ಓದಿ ಹೇಳಿದಾಗ ಅವರು ಕಂತಿನ ಮಾತನ್ನೇ ಎತ್ತಲಿಲ್ಲ. ‘ಮೊದಲೇ ಕಾಯಿಲೆ ಇದ್ದವರನ್ನೂ ಸೇರಿಸಿಕೊಳ್ತಾರಾ, ಅದನ್ನ ನೋಡು ಮಾರಾಯ್ತಿ. ಗಟ್ಟಿ ಇದ್ದವರನ್ನ ಮಾತ್ರ ಸೇರಿಸಿಕೊಂಡರೆ ಅದು ನಿನಗಲ್ಲ’ ಎಂದರು. ಚಾನ್ಸಲರ್ ಬಿಸ್ಮಾರ್ಕ್ ಕಾಲದ 1883ರ ಕಾನೂನಿನಿಂದ ಬೆಳೆದು ಬಂದ ಜರ್ಮನಿಯ ಸಾರ್ವಜನಿಕ ವಿಮೆ ನಿಂತಿರುವುದೂ ಈ ತತ್ತ್ವದ ಮೇಲೆಯೇ: ಕಂತು ನಿಗದಿಯಾಗುವುದು ಆದಾಯವನ್ನು ನೋಡಿ, ಕಾಯಿಲೆಯನ್ನು ನೋಡಿ ಅಲ್ಲ, ಹಳೆಯ ಕಾಯಿಲೆಗೆ ಕಾಯುವ ಅವಧಿಯೂ ಇಲ್ಲ.

ಅಷ್ಟಾದರೂ ಅಗ್ಗದ ಪಾಲಿಸಿಗಳನ್ನು ಓದದೆ ಬಿಡಬಾರದೆಂದು ಅವುಗಳ ಷರತ್ತುಗಳನ್ನು ತರಿಸಿಕೊಂಡೆ. ಓದುವಾಗ ನಾನು ಅನುಸರಿಸಿದ ಕ್ರಮವನ್ನು ಇಂದಿಗೂ ಎಲ್ಲರಿಗೂ ಹೇಳುತ್ತೇನೆ. ಏನೇನು ಸಿಗುತ್ತದೆ ಎಂಬ ಪುಟವನ್ನು ಬದಿಗಿಟ್ಟು, ಯಾವುದಕ್ಕೆ ಹಣ ಕೊಡುವುದಿಲ್ಲ ಎಂಬ ಭಾಗವನ್ನು ಮೊದಲು ಓದಬೇಕು. ನಾನು ನೋಡಿದ ಒಂದು ಪಾಲಿಸಿಯಲ್ಲಿ ವಿಮೆ ಆರಂಭವಾಗುವ ಮೊದಲೇ ಇದ್ದ ಕಾಯಿಲೆಗಳನ್ನೆಲ್ಲ ಹೊರಗಿಟ್ಟಿದ್ದರು. ಎಂದರೆ ಉಬ್ಬಸ ಉಲ್ಬಣಿಸಿ ಆಸ್ಪತ್ರೆ ಸೇರಿದರೆ ಅಲ್ಲಿನ ಬಿಲ್ ಪೂರ್ತಿ ನನ್ನದೇ. ಹೆರಿಗೆಗೆ, ಹಲ್ಲಿಗೆ, ಮಾನಸಿಕ ಚಿಕಿತ್ಸೆಗೆ ಮಿತಿ ಎಷ್ಟು, ಪ್ರತಿ ಕ್ಲೇಮಿನಲ್ಲಿ ನಾವು ಭರಿಸಬೇಕಾದ ಪಾಲು ಎಷ್ಟು, ವೈದ್ಯರಿಗೆ ಕಂಪನಿಯೇ ಕೊಡುತ್ತದೆಯೋ ಅಥವಾ ನಾವು ಕೊಟ್ಟು ಆಮೇಲೆ ವಸೂಲಿ ಮಾಡಿಕೊಳ್ಳಬೇಕೋ, ಪಾಲಿಸಿಯನ್ನು ಹೆಚ್ಚೆಂದರೆ ಎಷ್ಟು ವರ್ಷ ಮುಂದುವರಿಸಬಹುದು ಎಂಬುದನ್ನು ಆಮೇಲೆ ನೋಡಬೇಕು. ಕೊನೆಯದಾಗಿ, ವಾಸದ ಪರವಾನಗಿ ಕೊಡುವ ಕಚೇರಿ ಅಂಥ ಪಾಲಿಸಿಯನ್ನು ಒಪ್ಪುತ್ತದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಪ್ರಯಾಣ ವಿಮೆಗೆ ಹತ್ತಿರವಿರುವ ಪಾಲಿಸಿಗಳನ್ನು ದೀರ್ಘ ವಾಸಕ್ಕೆ ಸಾಲದೆಂದು ತಳ್ಳಿಹಾಕುವುದುಂಟು.

ಹೀಗೆ ನಾನು ಸಾರ್ವಜನಿಕ ವಿಮೆಯನ್ನೇ ಹಿಡಿದೆ. ವಿಮಾನ ಇಳಿದ ದಿನದಿಂದ ಆ ವಿಮೆ ಜಾರಿಗೆ ಬರುವ ದಿನದವರೆಗೆ ಮಾತ್ರ ಬೇರೆ ಪ್ರಯಾಣ ವಿಮೆ ಮಾಡಿಸಿಕೊಂಡಿದ್ದೆ. ಈ ನಡುವಿನ ದಿನಗಳನ್ನು ಬಹಳ ಮಂದಿ ಮರೆಯುತ್ತಾರೆ. ಟಿಕೆ, ಎಒಕೆ, ಬಾರ್ಮರ್ ಮೊದಲಾದ ಸಾರ್ವಜನಿಕ ವಿಮಾ ನಿಧಿಗಳಲ್ಲಿ ಸಿಗುವ ಚಿಕಿತ್ಸೆ ಬಹುಪಾಲು ಕಾನೂನಿನಲ್ಲೇ ನಿಗದಿಯಾಗಿರುವುದರಿಂದ ಅವುಗಳ ನಡುವಿನ ವ್ಯತ್ಯಾಸವೆಂದರೆ ಮುಖ್ಯವಾಗಿ ಪ್ರತಿ ನಿಧಿ ತಾನೇ ಗೊತ್ತುಮಾಡುವ ಹೆಚ್ಚುವರಿ ವಂತಿಗೆ ಮತ್ತು ಸೇವೆಯ ಗುಣಮಟ್ಟ. ಭಾಷೆ ಬಾರದ ಮೊದಲ ವರ್ಷದಲ್ಲಿ ಇಂಗ್ಲಿಷಿನಲ್ಲಿ ಉತ್ತರಿಸುವ, ಕಾಲೇಜಿನ ಹತ್ತಿರವೇ ಕಚೇರಿಯಿರುವ ನಿಧಿಗೆ ಒಂದೆರಡು ಯೂರೋ ಹೆಚ್ಚು ಕೊಡುವುದು ಸರಿ ಎಂದು ನನಗೆ ಅನ್ನಿಸಿತು. ಹನ್ನೆರಡು ತಿಂಗಳು ಕಳೆದ ಮೇಲೆ ಬೇರೆ ನಿಧಿಗೆ ಹೋಗಬಹುದು. ಹೆಚ್ಚುವರಿ ವಂತಿಗೆ ಏರಿಸಿದರೆ ಅದಕ್ಕೂ ಮೊದಲೇ ಬಿಡುವ ಹಕ್ಕಿದೆ.

ಕಾರ್ಡ್ ತೋರಿಸಿದರೆ ಸಾಕು, ವೈದ್ಯರು ನನ್ನಿಂದ ಹಣ ಕೇಳುತ್ತಿರಲಿಲ್ಲ. ನಾನು ಕೈಯಿಂದ ಕೊಡಬೇಕಿದ್ದದ್ದು ಔಷಧಕ್ಕೆ ಸಾಮಾನ್ಯವಾಗಿ 5ರಿಂದ 10 ಯೂರೋ, ಆಸ್ಪತ್ರೆಯಲ್ಲಿದ್ದರೆ ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ 28 ದಿನಗಳ ಮಟ್ಟಿಗೆ. ಇಂಥ ಪಾವತಿಗಳಿಗೆ ವರ್ಷದ ಆದಾಯದ ಶೇ 2ರ ಮಿತಿಯಿದ್ದು, ದೀರ್ಘಕಾಲದ ಕಾಯಿಲೆಯೆಂದು ವೈದ್ಯರು ಬರೆದುಕೊಟ್ಟವರಿಗೆ ಅದು ಶೇ 1ಕ್ಕೆ ಇಳಿಯುತ್ತದೆ.

ಕೆಲಸ ಸಿಕ್ಕ ಮೇಲೆ ಲೆಕ್ಕ ಬೇರೆಯಾಯಿತು. ಸಂಬಳದ ಶೇ 14.6 ಮತ್ತು ಹೆಚ್ಚುವರಿ ವಂತಿಗೆ, ಇವೆರಡರ ಅರ್ಧವನ್ನು ಕಂಪನಿ ಕೊಡುತ್ತದೆ. ಸಂಬಳ ಒಂದು ಮಿತಿಯನ್ನು ದಾಟಿದರೆ (2025ರಲ್ಲಿ ಅದು ವರ್ಷಕ್ಕೆ 73,800 ಯೂರೋ) ಖಾಸಗಿ ವಿಮೆಗೆ ಹೋಗುವ ಅವಕಾಶ ಮತ್ತೆ ತೆರೆಯುತ್ತದೆ, ವಯಸ್ಸು ಚಿಕ್ಕದಿದ್ದಾಗ ಅದರ ಕಂತೂ ಆಕರ್ಷಕವಾಗಿ ಕಾಣುತ್ತದೆ. ನನ್ನ ಗಂಡ ಆಗಷ್ಟೇ ಊರಿನಿಂದ ಬಂದು ಭಾಷೆ ಕಲಿಯುತ್ತಿದ್ದರು, ಮಗಳು ಹುಟ್ಟುವವಳಿದ್ದಳು. ಸಾರ್ವಜನಿಕ ವಿಮೆಯಲ್ಲಿ ಆದಾಯವಿಲ್ಲದ ಸಂಗಾತಿಗೂ ಮಕ್ಕಳಿಗೂ ಬೇರೆ ಕಂತಿಲ್ಲ. ಖಾಸಗಿಯಲ್ಲಿ ತಲೆಗೊಂದು ಕಂತು. ಖಾಸಗಿಗೆ ಹೋದವರು 55 ದಾಟಿದ ಮೇಲೆ ಹಿಂದಿರುಗುವುದು ಹೆಚ್ಚುಕಡಿಮೆ ಅಸಾಧ್ಯ. ಸಾರ್ವಜನಿಕ ವಿಮೆಯಲ್ಲೇ ಉಳಿಯಲು ನಾವು ಹೆಚ್ಚು ಚರ್ಚಿಸಬೇಕಾಗಲಿಲ್ಲ.

ಈ ವಿಮೆಗೂ ಮಿತಿಗಳಿವೆ. ರಜೆಗೆ ಸಾಗರಕ್ಕೆ ಬಂದಾಗ ಇಲ್ಲಿ ಆಗುವ ಚಿಕಿತ್ಸೆಗೆ ಅದು ಹಣ ಕೊಡುವುದಿಲ್ಲ. ಬೇಸಿಗೆಯಲ್ಲಿ ತೋಟಕ್ಕೆ, ಕಾಡಂಚಿಗೆ ಹೋಗುವ ನಮ್ಮವರಿಗೆ ಮಂಗನ ಕಾಯಿಲೆಯ ಭಯ ಹೊಸದಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಜ್ವರ ನಮ್ಮ ಜಿಲ್ಲೆಯನ್ನು ಇನ್ನೂ ಬಿಟ್ಟಿಲ್ಲ. ಆದ್ದರಿಂದ ಪ್ರತಿ ವರ್ಷ ಜರ್ಮನಿಯಲ್ಲೇ ಸಿಗುವ ಪ್ರಯಾಣ ವಿಮೆಯೊಂದನ್ನು ಕೊಳ್ಳುತ್ತಿದ್ದೆ. ಕಂತು ಬಹಳ ಕಡಿಮೆ. ಆದರೆ ತಾಯ್ನಾಡಿನ ಪ್ರಯಾಣಕ್ಕೂ ಅದು ಅನ್ವಯಿಸುತ್ತದೆಯೇ, ಒಂದು ಪ್ರಯಾಣ ಎಷ್ಟು ವಾರ ಮೀರಬಾರದು ಎಂಬೆರಡನ್ನು ಓದಿಯೇ ಕೊಳ್ಳಬೇಕು.

ಅಪ್ಪಯ್ಯ, ಅಮ್ಮ ನಮ್ಮಲ್ಲಿಗೆ ಬಂದಾಗ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವಿಮೆ ಬೇಕಿತ್ತು. ಅಮ್ಮನಿಗೆ ಸಕ್ಕರೆ ಕಾಯಿಲೆ ಇರುವುದರಿಂದ, ಹಳೆಯ ಕಾಯಿಲೆಯಿಂದ ಜೀವಕ್ಕೆ ಅಪಾಯ ಬಂದಾಗಲಾದರೂ ಖರ್ಚು ಭರಿಸುವ ಪಾಲಿಸಿಯನ್ನೇ ಹುಡುಕಿ ಶಿವಮೊಗ್ಗದಲ್ಲಿ ಮಾಡಿಸಿದೆವು. ಅಗ್ಗದ ಪಾಲಿಸಿಗೂ ಅದಕ್ಕೂ ಕಂತಿನಲ್ಲಿ ಇದ್ದ ವ್ಯತ್ಯಾಸ ದೊಡ್ಡದೇನಲ್ಲ.

ಭಾರತದಲ್ಲಿದ್ದ ನನ್ನ ಹಳೆಯ ಪಾಲಿಸಿಯನ್ನು ನಿಲ್ಲಿಸಬೇಡ ಎಂದದ್ದೂ ಅಪ್ಪಯ್ಯನೇ. ಇಲ್ಲಿ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಆಗ ನಾಲ್ಕು ವರ್ಷದವರೆಗೂ ಇರುತ್ತಿತ್ತು; 2024ರಿಂದ ಅದರ ಗರಿಷ್ಠ ಮಿತಿ ಮೂರು ವರ್ಷ. ಪಾಲಿಸಿ ಮಾಡಿಸುವಾಗಲೇ ಉಬ್ಬಸವನ್ನು ಬರೆಸಿದ್ದರಿಂದ ಮತ್ತು ಕಂತನ್ನು ಎಂದೂ ತಪ್ಪಿಸದಿದ್ದರಿಂದ, ಊರಿಗೆ ಮರಳುವ ಹೊತ್ತಿಗೆ ಆ ಅವಧಿ ಮುಗಿದು, ಮೊದಲ ಮಳೆಗಾಲದಿಂದಲೇ ಅದು ನನ್ನ ಉಬ್ಬಸಕ್ಕೂ ಅನ್ವಯಿಸಿತು.